ಆಟದ ಊರಿನ ಗೋಡೆ, ಪೀಣ್ಯದ ತಗಡು

ಪೀಣ್ಯದ ಯಾವುದಾದರೂ ಶೆಡ್ಡಿನ ಮುಂದೆ ಐದು ನಿಮಿಷ ನಿಂತು ನೋಡಿ. ಸಿಮೆಂಟ್ ಬ್ಲಾಕಿನ ಗೋಡೆ, ತುಕ್ಕು ಹಿಡಿದ ಶಟರು, ಎಣ್ಣೆ ಕುಡಿದು ಕಪ್ಪಾದ ನೆಲ, ಅಲೆಅಲೆಯಾದ ತಗಡಿನ ಮಾಡು. ಅತ್ತ ವೈಟ್‌ಫೀಲ್ಡಿಗೆ ಹೋದರೆ ಗಾಜು, ಪಾಲಿಶ್ ಹಿಡಿಸಿದ ಗ್ರಾನೈಟು. ಇಂಥ ಮೇಲ್ಮೈಗಳನ್ನು ಗುರುತಿಸಿ ಕಂಪ್ಯೂಟರ್ ಆಟದೊಳಗಿನ ಗೋಡೆಗಳಿಗೆ ಹೊದಿಸುವುದೇ ಒಂದು ಕಸುಬು ಎಂದರೆ ಅನೇಕ ಪೋಷಕರಿಗೆ ಅಚ್ಚರಿಯಾದೀತು.

ಬೆಂಗಳೂರಿಗೆ ಈ ಕಸುಬು ಹೊಸದೇನಲ್ಲ. ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು ಇಲ್ಲಿ ಆರಂಭಿಸಿದ್ದು 1997ರಲ್ಲಿ. ವಿದೇಶಿ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುತ್ತ ಬೆಳೆದ ಅದನ್ನು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು.

ಆಟ ನಡೆಯುವ ಓಣಿ, ಕೋಣೆಗಳನ್ನು ಕಟ್ಟುವ ತಂತ್ರಾಂಶವೇ ಲೆವೆಲ್ ಎಡಿಟರ್. ಅದರಲ್ಲಿ ಮೊದಲು ಎದ್ದು ನಿಲ್ಲುವುದು ಬರೀ ಬೋಳು ಪೆಟ್ಟಿಗೆಗಳು. ಶಾಲೆ ಪುಸ್ತಕಕ್ಕೆ ಬೈಂಡು ಹಾಕುವಂತೆ ಅವುಗಳಿಗೆ ಚಿತ್ರದ ಹಾಳೆ ಹೊದಿಸಬೇಕು. ಆ ಹಾಳೆಯ ಹೆಸರು ಟೆಕ್ಸ್ಚರ್. ಎಡ್ ಕ್ಯಾಟ್‌ಮಲ್ ಎಂಬ ವಿದ್ಯಾರ್ಥಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ 1974ರ ತನ್ನ ಪಿಎಚ್.ಡಿ. ಪ್ರಬಂಧದಲ್ಲಿ ಈ ಉಪಾಯವನ್ನು ಮಂಡಿಸಿದ್ದ.

ಹೊದಿಸುವಾಗ ಅಳತೆ ತಪ್ಪಿದರೆ ಫಜೀತಿ. ಸಾಮಾನ್ಯ ಸಿಮೆಂಟ್ ಬ್ಲಾಕು ಸುಮಾರು 16 ಅಂಗುಲ ಉದ್ದ, 8 ಅಂಗುಲ ಎತ್ತರ. ಹಾಗಾದರೆ 10 ಅಡಿ ಗೋಡೆಗೆ 15 ವರಸೆ ಬರಬೇಕು. ಹಾಳೆಯನ್ನು ಇಮ್ಮಡಿ ಹಿಗ್ಗಿಸಿದರೆ ಏಳೂವರೆ ವರಸೆಯಷ್ಟೇ ಬಂದು, ಪಕ್ಕದಲ್ಲಿ ನಿಂತ ಆಟಗಾರ ಕುಳ್ಳನಾಗಿಬಿಡುತ್ತಾನೆ. ಗಾರೆ ಕೆಲಸದವರು ನೋಡಿದ ಕೂಡಲೇ ಹೇಳಿಬಿಡುವ ತಪ್ಪು ಇದು!

ಇನ್ನೊಂದು ತೊಡಕಿದೆ. ಚಿತ್ರ ತಗಡಿನದಾದರೂ ಅದು ತಗಡೆಂದು ಯಂತ್ರಕ್ಕೆ ತಿಳಿಯದು, ನಾವೇ ಹೇಳಬೇಕು. 1996ರ ಕ್ವೇಕ್ ಆಟದಲ್ಲಿ ಟೆಕ್ಸ್ಚರಿನ ಹೆಸರು ನಕ್ಷತ್ರ ಚಿಹ್ನೆಯಿಂದ ಆರಂಭವಾದರೆ ಆ ಪೆಟ್ಟಿಗೆ ದ್ರವವೆಂದೇ ಲೆಕ್ಕ. 2004ರ ಹಾಫ್-ಲೈಫ್ 2ರ ಹೊತ್ತಿಗೆ ಮರ, ಲೋಹ, ಕಾಂಕ್ರೀಟ್ ಎಂದು ಗುರುತು ಕೊಟ್ಟರೆ ಹೆಜ್ಜೆ ಸಪ್ಪಳವೂ ಅದಕ್ಕೆ ತಕ್ಕಂತೆ ಕೇಳುತ್ತಿತ್ತು. ಗುರುತು ತಪ್ಪಿದರೆ ಮರದ ಮೆಟ್ಟಿಲೇ ಠಣ್ ಠಣ್ ಎನ್ನುತ್ತದೆ. ಚಿತ್ರವೇ ಕಳೆದುಹೋಗಿದ್ದರೆ ಆ ಜಾಗದಲ್ಲಿ ನೇರಳೆ-ಕಪ್ಪು ಚೌಕುಳಿ ಕಾಣುತ್ತದೆ. ಕಣ್ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ.

ಈಚಿನ ಆಟಗಳಲ್ಲಿ ಬೆಳಕಿನ ಲೆಕ್ಕವೂ ಸೇರಿದೆ. ಅಡುಗೆಮನೆಯಲ್ಲೇ ಪರೀಕ್ಷಿಸಬಹುದು: ಉಜ್ಜಿದ ತಾಮ್ರದ ಚೊಂಬು, ಒಂದು ಕೆಂಪು ಪ್ಲಾಸ್ಟಿಕ್ ಮಗ್ಗು, ಎರಡನ್ನೂ ಬಿಳಿ ದೀಪದಡಿ ಇಡಿ. ಮಗ್ಗಿನ ಮೇಲೆ ಹೊಳೆಯುವ ಚುಕ್ಕೆ ಬಿಳಿ, ಚೊಂಬಿನದು ಕೆಂಪು ಛಾಯೆಯದು. ಲೋಹ ತಾನು ಪ್ರತಿಫಲಿಸುವ ಬೆಳಕಿಗೂ ಬಣ್ಣ ಬಳಿಯುತ್ತದೆ. ಅದಕ್ಕೇ ಪ್ರತಿ ಮೇಲ್ಮೈಗೂ ಅದು ಲೋಹವೇ ಅಲ್ಲವೇ, ಎಷ್ಟು ಒರಟು ಎಂದು ಪ್ರತ್ಯೇಕವಾಗಿ ನಮೂದಿಸುತ್ತಾರೆ. ಹತ್ತನೇ ತರಗತಿಯ ಬೆಳಕಿನ ಪಾಠ ಉಪಯೋಗಕ್ಕೆ ಬರುವುದು ಇಲ್ಲಿ.

ಹಾಗೆಂದು ಪೋಷಕರು ಕಣ್ಣುಮುಚ್ಚಿ ಶುಲ್ಕ ಕಟ್ಟುವಂತಿಲ್ಲ. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಸಂಸ್ಥೆ ಕುಸಿದಾಗ ಅದರ ಬೆಂಗಳೂರು ಸ್ಟುಡಿಯೋದ ಕಲಾವಿದರು ಏಕಾಏಕಿ ಬೀದಿಗೆ ಬಿದ್ದರು. ಇಟ್ಟಿಗೆ ಗೋಡೆಯ ಚಿತ್ರ ಬೇಕೆಂದರೆ ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಕೊಡುತ್ತದೆ. ಬರೀ ಗುಂಡಿ ಒತ್ತಲು ಕಲಿಸುವ ಕೋರ್ಸಿನ ಬೆಲೆ ಅಷ್ಟಕ್ಕಷ್ಟೆ. ಆ ಚಿತ್ರದಲ್ಲಿ ಬ್ಲಾಕಿನ ಅಳತೆ ಸರಿಯಿದೆಯೇ, ತುಕ್ಕು ನೀರಿಳಿಯುವ ಕಡೆಗೇ ಹಬ್ಬಿದೆಯೇ ಎಂದು ಹೇಳಬಲ್ಲ ಹುಡುಗ ಅಥವಾ ಹುಡುಗಿಯ ಮಾತು ಬೇರೆ.

ಲಕ್ಷ ರೂಪಾಯಿ ಕಟ್ಟುವ ಮುನ್ನ ಮನೆಯಲ್ಲೇ ಪ್ರಯತ್ನಿಸಲಿ. ಬ್ಲೆಂಡರ್ ತಂತ್ರಾಂಶ ಉಚಿತ. ಮನೆಯ ಕಾಂಪೌಂಡಿನ ಫೋಟೊ ಸಾಕು. ಅದನ್ನು ಮೋಡ ಮುಸುಕಿದ ದಿನ, ಗೋಡೆಗೆ ನೇರ ಎದುರು ನಿಂತು ತೆಗೆಯಬೇಕು. ಬಿಸಿಲಲ್ಲಿ ತೆಗೆದರೆ ನೆರಳೂ ಚಿತ್ರದೊಳಗೇ ಉಳಿಯುತ್ತದೆ. ಆಟದ ಸೂರ್ಯ ಇನ್ನೊಂದು ಕಡೆ ಇದ್ದರೂ ಗೋಡೆಯ ನೆರಳು ಮಾತ್ರ ಕದಲುವುದಿಲ್ಲ.