ಮಾಸನ್ ಲೇಕ್ಸ್ ಹೆಸರಿನ ಹಿಂದೊಂದು ಹಡಗು



ಸ್ಯಾಲಿಸ್‌ಬರಿ ಕಡೆಯ ನಮ್ಮವರಿಗೆ ಮಾಸನ್ ಲೇಕ್ಸ್ ಅಂದರೆ ಸಂಜೆ ಕೆರೆಯ ಸುತ್ತ ಒಂದು ವಾಕ್, ಮಕ್ಕಳ ಸೈಕಲ್ ಸವಾರಿ, ಮನೆಗೆ ಬಂದು ಬಿಸಿ ಕಾಫಿ. ಆ ಹೆಸರಿನ ಸರ್ ಡಗ್ಲಸ್ ಮಾಸನ್ ಅಡಿಲೇಡ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಮೇಷ್ಟ್ರು. ಪಾಠ ಬಿಟ್ಟು ಅಂಟಾರ್ಕ್‌ಟಿಕಾಕ್ಕೆ ಹಡಗು ಹತ್ತಿದ ಮೇಷ್ಟ್ರು!

1929ರ ಅಕ್ಟೋಬರ್‌ನಲ್ಲಿ ಅವರು ಕೇಪ್ ಟೌನ್‌ನಿಂದ ಹೊರಟ ಹಡಗು 'ಡಿಸ್ಕವರಿ'. 1901ರಲ್ಲಿ ನೀರಿಗಿಳಿದ ಮರದ ಹಡಗು. ಹಾಯಿಯೂ ಉಂಟು, ಕಲ್ಲಿದ್ದಲಿನ ಉಗಿ ಎಂಜಿನ್ನೂ ಉಂಟು. ಅಲೆ ಎದ್ದರೆ ತೊಟ್ಟಿಲಿನಂತೆ ಹೊಯ್ದಾಡುತ್ತಿತ್ತು.

ನಾವಿಕರಿಗೆ ಪಾಳಿಯ ಕೆಲಸ. ವಿಜ್ಞಾನಿಗಳಿಗೆ ಅದೂ ಇಲ್ಲ. ಹಡಗು ನಿಲ್ಲಿಸಿ ಆಳದ ನೀರು ತೆಗೆಯಬೇಕು, ಬಲೆ ಇಳಿಸಿ ಎಳೆಯಬೇಕು. ಬಲೆ ಮೇಲೆ ಬಂತೆಂದರೆ ಊಟ, ನಿದ್ದೆ ಎನ್ನುವಂತಿಲ್ಲ. ಜೀವಿಗಳು ಕೆಡುವ ಮುಂಚೆ ವಿಂಗಡಿಸಿ ಬಾಟಲಿಗೆ ಹಾಕಬೇಕು. ಈ ಕೆಲಸದ ಮುಖ್ಯಸ್ಥ ಹಾರ್ವೆ ಜಾನ್‌ಸ್ಟನ್ ಕೂಡ ಅಡಿಲೇಡಿನ ಪ್ರೊಫೆಸರ್. ಹರ್ಡ್ ದ್ವೀಪದಲ್ಲಿ ಎರಡು ಮೂರು ದಿನಕ್ಕೆಂದು ಇಳಿದವರು ಬಿರುಗಾಳಿಗೆ ಸಿಕ್ಕಿ ಇನ್ನೂ ಹೆಚ್ಚು ದಿನ ಕೂತರು. ತಾನೊಂದು ಬಗೆದರೆ ದೈವವೊಂದು ಬಗೆಯಿತು!

ಆದರೆ ನಿತ್ಯದ ಚಿಂತೆ ಕಲ್ಲಿದ್ದಲು. ಹಿಮದಲ್ಲಿ ದಾರಿ ಮಾಡಲು ಎಂಜಿನ್ ಓಡಬೇಕು, ಎಂಜಿನ್ ಓಡಿದರೆ ರಾಶಿ ಕರಗುತ್ತದೆ, ದಾರಿಯಲ್ಲಿ ಕೊಳ್ಳಲು ಅಂಗಡಿಯಿಲ್ಲ. ಮಾಸನ್‌ಗೆ ಇನ್ನಷ್ಟು ತೀರ ನೋಡುವ ಆಸೆ. ಕ್ಯಾಪ್ಟನ್ ಜಾನ್ ಕಿಂಗ್ ಡೇವಿಸ್‌ದು ಹಾಸಿಗೆ ಇದ್ದಷ್ಟು ಕಾಲು ಚಾಚುವ ಲೆಕ್ಕ. ಮನಸ್ತಾಪ ಬೆಳೆಯಿತು. 1930ರ ಜನವರಿ ಕೊನೆಯಲ್ಲಿ ಹಡಗು ಹಿಂದಿರುಗಿತು.

ಡೇವಿಸ್ ಹೇಡಿಯೇ? ಸ್ವಲ್ಪ ಹಿಂದಕ್ಕೆ ಹೋಗೋಣ. 1913ರ ಫೆಬ್ರವರಿ 8ರಂದು ಇದೇ ಡೇವಿಸ್ 'ಅರೋರಾ' ಹಡಗಿನಲ್ಲಿ ಕೇಪ್ ಡೆನಿಸನ್‌ನಿಂದ ಹೊರಟರು. ಮಾಸನ್‌ಗಾಗಿ ಕಾದಿದ್ದರು, ಬರಲಿಲ್ಲ. ಅವರನ್ನು ಹುಡುಕಲು ಆರು ಜನರನ್ನು ಬಿಟ್ಟರು. ಹಿಮಯಾತ್ರೆಯಲ್ಲಿ ಇಬ್ಬರು ಜೊತೆಗಾರರನ್ನೂ ಕಳೆದುಕೊಂಡ ಮಾಸನ್ ಕೆಲವೇ ಗಂಟೆ ತಡವಾಗಿ ಬಂದಾಗ ಹಡಗು ದೂರದಲ್ಲಿ ಸಾಗುತ್ತಿತ್ತು! ವೈರ್‌ಲೆಸ್ ಸಂದೇಶ ಕೇಳಿ ಡೇವಿಸ್ ಮರಳಿದರು. ಗಾಳಿ ದೋಣಿ ಇಳಿಸಲು ಬಿಡಲಿಲ್ಲ. ಪಶ್ಚಿಮದ ಶಿಬಿರದಲ್ಲಿ ಎಂಟು ಜನ ಕಾಯುತ್ತಿದ್ದರು. ಸಮುದ್ರ ಹೆಪ್ಪುಗಟ್ಟುವ ಮುಂಚೆ ಅವರನ್ನು ಕರೆತರಬೇಕಿತ್ತು. ಡೇವಿಸ್ ಹೋದರು, ಎಂಟೂ ಜನ ಉಳಿದರು. ಮಾಸನ್ ಇನ್ನೊಂದು ವರ್ಷ ಅಲ್ಲೇ ಕಳೆದರು. ಅಂಥ ನಿರ್ಧಾರ ಮಾಡಿದವರಿಗೆ 1930ರಲ್ಲೂ ಮೊದಲು ಕಾಣಿಸಿದ್ದು ಎಲ್ಲರೂ ಮನೆ ಸೇರಬೇಕೆಂಬುದು. ಏಪ್ರಿಲ್‌ನಲ್ಲಿ 'ಡಿಸ್ಕವರಿ' ನಮ್ಮ ಅಡಿಲೇಡ್ ಸೇರಿತು. ಮುಂದಿನ ಯಾನಕ್ಕೆ ಬೇರೆ ಕ್ಯಾಪ್ಟನ್; ಮಾಸನ್ ತಮ್ಮ ಕೆಲಸ ಮುಂದುವರಿಸಿದರು.

ಈಗಿನ ಆಸ್ಟ್ರೇಲಿಯಾದ ಹಡಗು 'ನುಯಿನಾ' 2021ರಲ್ಲಿ ಹೋಬಾರ್ಟ್‌ಗೆ ಬಂತು, ಉದ್ದ 160 ಮೀಟರ್. ಹಡಗಿನ ಹೊಟ್ಟೆಯೊಳಗಿನ ಬಾವಿಯಂಥ ದ್ವಾರದಿಂದಲೇ ಉಪಕರಣ ಇಳಿಸುತ್ತಾರೆ. ಆದರೂ ಇಂಧನದ ಪಾಡು ತಪ್ಪಿಲ್ಲ: ಟ್ಯಾಸ್ಮನ್ ಸೇತುವೆಯಡಿ ಹಾಯಲು ಅನುಮತಿ ಸಿಗದೆ 2023ರಲ್ಲಿ ಡೀಸೆಲ್‌ಗೆ ಬರ್ನಿಯವರೆಗೆ ಸುತ್ತಬೇಕಾಯಿತು.

ನಾರ್ತ್ ಟೆರೇಸ್‌ನ ಮ್ಯೂಸಿಯಮ್ಮಿನಲ್ಲಿ ಮಾಸನ್ ಸಂಗ್ರಹವಿದೆ. ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯಿರಿ. ಮುಂದೆ ಹೋದವರ ಕಥೆ ಅಲ್ಲಿ ಸಿಗುತ್ತದೆ. ಹಿಂದಿರುಗಿಸಿ ಕರೆತಂದವರ ಕಥೆಯನ್ನು ನೀವು ಹೇಳಿ.