ತೆರ್ಮೆಯ ಸುರುಳಿ, ವಿಷದ ಸುರುಳಿ

ಮುಂಗಾರು ಹಿಡಿದು ತೋಡು-ಹೊಳೆಗಳು ತುಂಬಿದಾಗ ಕೊಡಗಿನ ಸಂತೆಗಳಲ್ಲಿ ಹಸಿರು ಸುರುಳಿಗಳ ಕಟ್ಟುಗಳು ಕಾಣಿಸಿಕೊಳ್ಳುತ್ತವೆ. ಬಸವನಹುಳುವಿನ ಚಿಪ್ಪಿನಂತೆ ಒಳಕ್ಕೆ ಸುತ್ತಿಕೊಂಡ ಈ ಎಳೆ ಚಿಗುರೇ ತೆರ್ಮೆ ಸೊಪ್ಪು. ಮೇಲಿನ ನವಿರನ್ನು ಉಜ್ಜಿ ತೆಗೆದು, ಹೆಚ್ಚಿ, ಒಗ್ಗರಣೆ ಹಾಕಿ ಬೇಯಿಸಿದರೆ ಅಕ್ಕಿ ರೊಟ್ಟಿಗೆ ಒಳ್ಳೆಯ ಪಲ್ಯ. ನೀರಿನ ಬದಿಯಲ್ಲಿ ಬೆಳೆಯುವ ಈ ಜರೀಗಿಡಕ್ಕೆ ಸಸ್ಯವಿಜ್ಞಾನಿಗಳು ಇಟ್ಟ ಹೆಸರು ಡಿಪ್ಲೇಜಿಯಮ್ ಎಸ್ಕ್ಯುಲೆಂಟಮ್. ಲ್ಯಾಟಿನ್ ಭಾಷೆಯಲ್ಲಿ ‘ಎಸ್ಕ್ಯುಲೆಂಟಮ್’ ಎಂದರೆ ತಿನ್ನಲು ಬರುವಂಥದ್ದು.

ಗುಡ್ಡಗಾಡಿನ ಬಯಲುಗಳಲ್ಲಿ, ಬೆಂಕಿ ಬಿದ್ದು ಕಾಡು ಬೋಳಾದ ಜಾಗಗಳಲ್ಲಿ ಹಬ್ಬುವ ಇನ್ನೊಂದು ಜರೀಗಿಡವಿದೆ. ಅದರ ಹೆಸರು ಬ್ರ್ಯಾಕನ್. ಪ್ರಪಂಚದ ಬಹುತೇಕ ಎಲ್ಲ ಭಾಗಗಳಲ್ಲೂ ಬೆಳೆಯುವ ಇದರ ಚಿಗುರೂ ಸುರುಳಿಯೇ. ಆದರೆ ಇದನ್ನು ಬಹುಕಾಲ ಮೇದ ದನಗಳ ಮೂತ್ರದಲ್ಲಿ ರಕ್ತ ಹೋಗುತ್ತದೆ. ಮೂತ್ರಕೋಶದಲ್ಲಿ ಗಂಟು ಬೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1987ರಲ್ಲಿ ಬ್ರ್ಯಾಕನ್ನನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ’ ವಸ್ತುಗಳ ಪಟ್ಟಿಗೆ ಸೇರಿಸಿತು.

ಒಂದು ಸುರುಳಿ ಊಟ, ಇನ್ನೊಂದು ವಿಷ. ಇವುಗಳಲ್ಲಿ ಯಾವುದು ಯಾವುದೆಂದು ಹೇಳುವುದು ಹೇಗೆ? ಜರೀಗಿಡಗಳ ವಿಜ್ಞಾನ ಎರಡೂವರೆ ಶತಮಾನಗಳಿಂದ ಈ ಪ್ರಶ್ನೆಯ ಸುತ್ತಲೇ ತಿರುಗುತ್ತಿದೆ ಎಂದರೆ ತಪ್ಪಾಗಲಾರದು.

ಹೂವಿಲ್ಲದ ಗಿಡದ ಗುಟ್ಟು

ಗಿಡಗಳನ್ನು ಹೂವಿನಿಂದ ಗುರುತಿಸುವುದು ವಾಡಿಕೆ. ಸ್ವೀಡನ್ನಿನ ಲಿನೇಯಸ್ ವರ್ಗೀಕರಣಕ್ಕೆ ಹೂವಿನ ಕೇಸರಗಳನ್ನೇ ಎಣಿಸಿದ. ಆದರೆ ಜರೀಗಿಡಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ. ಅಂಥ ಗಿಡಗಳನ್ನೆಲ್ಲ ಆತ ‘ಗುಟ್ಟಿನ ಮದುವೆಯವು’ ಎಂಬ ಅರ್ಥದ ಕೊನೆಯ ವರ್ಗಕ್ಕೆ ಹಾಕಿದ. ಆ ಗುಟ್ಟನ್ನು 1851ರಲ್ಲಿ ಬಿಡಿಸಿ ತೋರಿಸಿದವನು ಜರ್ಮನಿಯ ಹಾಫ್‌ಮೈಸ್ಟರ್. ಎಲೆಯ ಹಿಂಬದಿಯಲ್ಲಿ ಕಾಣುವ ಕಂದು ಚುಕ್ಕೆಗಳಿಂದ ಧೂಳಿನಂಥ ಬೀಜಾಣುಗಳು ಉದುರುತ್ತವೆ. ಅವು ಮೊಳೆತು ಉಗುರಿಗಿಂತ ಚಿಕ್ಕ ಹಸಿರು ಬಿಲ್ಲೆಗಳಾಗುತ್ತವೆ. ಗಂಡು-ಹೆಣ್ಣು ಕೋಶಗಳು ಕೂಡುವುದು ಆ ಬಿಲ್ಲೆಯ ಮೇಲೆ, ನೀರಿನ ಪಸೆಯಲ್ಲಿ. ನಾವು ನೋಡುವ ಜರೀಗಿಡ ಹುಟ್ಟುವುದು ಆಮೇಲೆ.

ಹೀಗಾಗಿ ಹೂವಿನ ಬದಲು ಆ ಕಂದು ಚುಕ್ಕೆಗಳ ಜಾಗವೇ ಗುರುತಿಗೆ ಆಧಾರವಾಯಿತು. ಬ್ರ್ಯಾಕನ್‌ನಲ್ಲಿ ಅವು ಎಲೆಯ ಅಂಚಿನುದ್ದಕ್ಕೂ ಇರುತ್ತವೆ. ಹಳೆಯ ಗೋಡೆ, ಬಾವಿಗಳಲ್ಲಿ ಬೆಳೆಯುವ ಟೆರಿಸ್ ಜರೀಗಿಡದಲ್ಲೂ ಹಾಗೆಯೇ. ಆದ್ದರಿಂದ ಲಿನೇಯಸ್ 1753ರಲ್ಲಿ ಎರಡನ್ನೂ ಒಂದೇ ಕುಲಕ್ಕೆ ಸೇರಿಸಿದ. ಅದು ಕಣ್ಣು ಮಾಡಿದ ಮೋಸ. ಇಂದು ಅವು ಬೇರೆ ಕುಲ ಮಾತ್ರವಲ್ಲ, ಬೇರೆ ಕುಟುಂಬಗಳಿಗೇ ಸೇರಿವೆ.

ವರ್ಣತಂತುಗಳ ಲೆಕ್ಕ

ಕಣ್ಣು ಸಾಲದೆಂದು ವಿಜ್ಞಾನ ಜೀವಕೋಶದೊಳಗೆ ಇಳಿಯಿತು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದ ಐರಿನ್ ಮ್ಯಾಂಟನ್ ಜರೀಗಿಡಗಳ ಕೋಶಗಳನ್ನು ಗಾಜಿನ ಮೇಲೆ ಒತ್ತಿ ಹರಡಿ ವರ್ಣತಂತುಗಳನ್ನು ಎಣಿಸಿದರು. 1950ರಲ್ಲಿ ಬಂದ ಅವರ ಗ್ರಂಥ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ನೋಡಲು ಒಂದೇ ಎನಿಸಿದ ಎಷ್ಟೋ ಗಿಡಗಳು ಬೇರೆ ಬೇರೆ ಪ್ರಭೇದಗಳೆಂದೂ, ಕೆಲವು ಎರಡು ಪ್ರಭೇದಗಳು ಬೆರೆತು, ವರ್ಣತಂತುಗಳು ಇಮ್ಮಡಿಯಾಗಿ ಹುಟ್ಟಿದವೆಂದೂ ತಿಳಿಯಿತು.

ಈ ಇಮ್ಮಡಿಯಾಟ ಎಲ್ಲಿಗೆ ಮುಟ್ಟಬಹುದು? ಉತ್ತರ ಸಿಕ್ಕಿದ್ದು ನಮ್ಮ ನೆರೆಯ ಕೇರಳದಲ್ಲಿ. 1950ರ ದಶಕದಲ್ಲಿ ಎ. ಅಬ್ರಹಾಂ ಮತ್ತು ಸಿ. ಎ. ನೈನಾನ್ ಅವರು ಹಾವಿನ ನಾಲಿಗೆಯಂಥ ಕಡ್ಡಿ ಚಾಚುವ ಓಫಿಯೋಗ್ಲಾಸಮ್ ರೆಟಿಕ್ಯುಲೇಟಮ್ ಎಂಬ ಪುಟ್ಟ ಜರೀಗಿಡದ ವರ್ಣತಂತುಗಳನ್ನು ಎಣಿಸಿದರು. ಮನುಷ್ಯನ ಕೋಶದಲ್ಲಿರುವುದು 46. ಅಂಗೈಯಲ್ಲಿ ಅಡಗುವ ಆ ಗಿಡದ ಕೋಶದಲ್ಲಿ ಸುಮಾರು 1,260!

ಮುಂದೆ ಡಿಎನ್‌ಎ ಪರೀಕ್ಷೆ ಬಂದಿತು. ಹಲವು ದೇಶಗಳ ತಜ್ಞರು ಸೇರಿ 2016ರಲ್ಲಿ ಸಿದ್ಧಪಡಿಸಿದ ವರ್ಗೀಕರಣದಲ್ಲಿ ಜರೀಗಿಡಗಳು ಮತ್ತು ಅವುಗಳಂತೆಯೇ ಬೀಜವಿಲ್ಲದ ಇನ್ನೊಂದು ಗುಂಪಿನವು ಸೇರಿ ಸುಮಾರು 12,000 ಪ್ರಭೇದಗಳಿವೆ. ಅದರ ಪ್ರಕಾರ ತೆರ್ಮೆಯದೊಂದು ಕುಟುಂಬ, ಬ್ರ್ಯಾಕನ್‌ನದು ಇನ್ನೊಂದು.

ಬೂದಿನೀರಿನ ಬುದ್ಧಿ

ಹಾಗಾದರೆ ಕುಟುಂಬ ಗೊತ್ತಾದರೆ ವಿಷವೂ ಗೊತ್ತಾದಂತೆಯೇ? ಅಷ್ಟು ಸುಲಭವಲ್ಲ.

ಬ್ರ್ಯಾಕನ್‌ನ ವಿಷವನ್ನು ಜಪಾನ್ ಮತ್ತು ನೆದರ್ಲೆಂಡ್ಸ್‌ನ ವಿಜ್ಞಾನಿಗಳು 1983ರಲ್ಲಿ ಬೇರ್ಪಡಿಸಿದರು. ಅದರ ಹೆಸರು ಟಾಕ್ವಿಲೋಸೈಡ್. ಈ ಅಣುವಿಗೆ ಸಕ್ಕರೆಯ ಬಾಲವೊಂದು ಅಂಟಿಕೊಂಡಿರುತ್ತದೆ. ಕ್ಷಾರ ಸೋಕಿದರೆ ಬಾಲ ಕಳಚುತ್ತದೆ. ಉಳಿದ ಭಾಗ ಡಿಎನ್‌ಎಗೆ ಕಚ್ಚಿಕೊಂಡು ಅದನ್ನು ಕೆಡಿಸುತ್ತದೆ. ದನದ ಮೂತ್ರ ಸಾಮಾನ್ಯವಾಗಿ ಕ್ಷಾರೀಯ. ಮೂತ್ರಕೋಶಕ್ಕೇ ಪೆಟ್ಟು ಬೀಳುವುದು ಅದರಿಂದ ಎನ್ನುತ್ತಾರೆ ತಜ್ಞರು. ಮೇದ ಹಸುವಿನ ಹಾಲಿಗೂ ಇದು ಇಳಿಯುತ್ತದೆ ಎಂಬುದು ಇನ್ನೂ ಕಳವಳದ ವಿಷಯ.

ಬ್ರ್ಯಾಕನ್‌ನ ಹತ್ತಿರದ ಬಂಧು ಹೈಪೊಲೆಪಿಸ್‌ನಲ್ಲೂ ಈ ವಿಷ ಸಿಕ್ಕಿದೆ. ಅದು ನಿರೀಕ್ಷಿಸಿದ್ದೇ. ಆದರೆ ದೂರದ ಕುಟುಂಬದ, ಆಸ್ಟ್ರೇಲಿಯಾದ ಒಂದು ಚೈಲಾಂಥಿಸ್‌ನಲ್ಲೂ ಅದು ಸಿಕ್ಕಿತು! ಅಂದರೆ ವಂಶಾವಳಿ ಅನುಮಾನಕ್ಕೆ ದಾರಿ ತೋರಿಸೀತು. ತೀರ್ಪು ಕೊಡಬೇಕಾದದ್ದು ರಸಾಯನಶಾಸ್ತ್ರವೇ.

ಜಪಾನಿನಲ್ಲಿ ಬ್ರ್ಯಾಕನ್ ಚಿಗುರನ್ನೂ ತಿನ್ನುತ್ತಾರೆ. ಆದರೆ ಹಸಿಯಾಗಿ ಅಲ್ಲ. ಬೂದಿ ಅಥವಾ ಅಡುಗೆ ಸೋಡ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿಬಿಡುತ್ತಾರೆ. ಬೂದಿನೀರು ಕ್ಷಾರ. ಹೊಟ್ಟೆಗೆ ಹೋಗುವ ಮೊದಲೇ ವಿಷದ ಹೆಚ್ಚಿನ ಭಾಗ ಪಾತ್ರೆಯಲ್ಲಿ ಮುರಿದುಹೋಗುತ್ತದೆ. ದನದ ಮೂತ್ರಕೋಶದಲ್ಲಿ ಹಗೆಯಾದ ಕ್ಷಾರ ಅಡುಗೆಮನೆಯಲ್ಲಿ ನೆಂಟನಾಯಿತು. ರಸಾಯನಶಾಸ್ತ್ರ ಓದದ ಅಜ್ಜಿಯರು ಕಂಡುಕೊಂಡ ಉಪಾಯವಿದು. ಹಾಗೆಂದು ವಿಷ ಪೂರ್ತಿ ಹೋಗುತ್ತದೆ ಎಂಬ ಭರವಸೆಯಿಲ್ಲ.

ಕೊನೆಗೊಂದು ಎಚ್ಚರಿಕೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಬೆಳೆಯುವ ಬ್ರ್ಯಾಕನ್‌ಗೆ ಇಟ್ಟ ಹೆಸರು ಟೆರಿಡಿಯಮ್ ಎಸ್ಕ್ಯುಲೆಂಟಮ್. ಅಲ್ಲಿನ ಮಾವೊರಿ ಜನ ಅದರ ಗೆಡ್ಡೆಯನ್ನು ಹುರಿದು, ಕುಟ್ಟಿ ತಿನ್ನುತ್ತಿದ್ದರು. ಅದರಲ್ಲೂ ಟಾಕ್ವಿಲೋಸೈಡ್ ಇದೆ. ತೆರ್ಮೆಯ ಹೆಸರಿನಲ್ಲೂ ‘ಎಸ್ಕ್ಯುಲೆಂಟಮ್’, ಇದರ ಹೆಸರಿನಲ್ಲೂ ‘ಎಸ್ಕ್ಯುಲೆಂಟಮ್’. ಮಳೆಗಾಲದ ಪ್ರವಾಸದಲ್ಲಿ ದಾರಿಬದಿಯ ಸುರುಳಿ ಕಂಡು ಕೈ ಚಾಚುವ ಮುನ್ನ, ಅದನ್ನು ವರ್ಷವರ್ಷವೂ ಕುಯ್ದು ಬೇಯಿಸಿದ ಊರಿನ ಹಿರಿಯರನ್ನು ಒಂದು ಮಾತು ಕೇಳುವುದು ಒಳ್ಳೆಯದು.