ಮಲ್ಪೆ ಬೀಚ್‌ನಲ್ಲಿ ತೆಗೆದ ಅಮ್ಮನ ಫೋಟೊ: ಎಡವಿದ್ದು ಎಲ್ಲಿ?

ಮಲ್ಪೆ ಬೀಚ್‌ನಲ್ಲಿ ಸಂಜೆ ಹೊತ್ತು ಮೊಬೈಲ್‌ನಲ್ಲಿ ತೆಗೆದ ಫೋಟೊ. ಅಲೆ ಕಾಲಿಗೆ ಬಡಿದಾಗ ಅಮ್ಮ ಸೀರೆ ಎತ್ತಿ ಹಿಡ್ಕೊಂಡು ನಕ್ಕುಬಿಟ್ಟಿದ್ದಾರೆ. ಫೋಟೊ ತೆಗೀತಿರೋದು ಅವರಿಗೆ ಗೊತ್ತೇ ಇರಲಿಲ್ಲ, ಅದಕ್ಕೇ ಆ ನಗು ಸಿಕ್ಕಿದ್ದು. ಈಗ ಅಮ್ಮ ಇಲ್ಲ. ಫ್ರೇಮ್ ಹಾಕಿಸೋಣ ಅಂತ ನೋಡಿದರೆ ನನ್ನ ತಪ್ಪುಗಳೇ ಮೊದಲು ಕಾಣ್ತವೆ.

ಸಮುದ್ರ, ಆಕಾಶ ಸೇರುವ ಗೆರೆ ಸರಿಯಾಗಿ ಅವರ ಕುತ್ತಿಗೆ ಮೇಲೇ ಹಾದಿದೆ. ಸಮತಟ್ಟು ಜಾಗದಲ್ಲಿ ಮೊಬೈಲ್ ಎಷ್ಟು ಎತ್ತರದಲ್ಲಿರುತ್ತೋ, ಎದುರಿನವರ ಮೈಮೇಲೆ ಈ ಗೆರೆ ಹೆಚ್ಚುಕಮ್ಮಿ ಅಷ್ಟೇ ಎತ್ತರಕ್ಕೆ ಬೀಳುತ್ತೆ. ನಾನು ಮಂಡಿಯೂರಿದ್ದರೆ ಗೆರೆ ಸೊಂಟಕ್ಕಿಳಿದು, ಮುಖದ ಹಿಂದೆ ಬರೀ ಆಕಾಶ ಇರ್ತಿತ್ತು.

ಮುಖವೂ ಕಪ್ಪಾಗಿದೆ. ನಮ್ಮ ಕರಾವಳಿಯಲ್ಲಿ ಸೂರ್ಯ ಮುಳುಗೋದು ಸಮುದ್ರದ ಕಡೆಗೇ ಅಲ್ವಾ, ಬೆಳಕೆಲ್ಲ ಬೆನ್ನಿಗೆ. ಸ್ಕ್ರೀನ್ ಮೇಲೆ ಮುಖಕ್ಕೆ ಬೆರಳು ಒತ್ತಿದ್ದರೆ ಸ್ವಲ್ಪ ತಿಳಿಯಾಗ್ತಿತ್ತು. ಬೆಳಗ್ಗೆ ಹೋದರೆ ಈ ತಾಪತ್ರಯವೇ ಇಲ್ಲ.

ಇವೆಲ್ಲ ಹೋಗಲಿ. ನಂಗೆ ಬೇಜಾರು ಪಾದದ ವಿಷಯದಲ್ಲಿ. ಫೋಟೊ ಮೊಣಕಾಲಿಗೇ ಕಟ್ ಆಗಿದೆ. ನಗಿಸಿದ ಅಲೆಯೇ ಅದರೊಳಗಿಲ್ಲ! ಎರಡು ಹೆಜ್ಜೆ ಹಿಂದೆ ಸರಿದಿದ್ದರೆ ಸಾಕಿತ್ತು. ವಾಲಿದ ಗೆರೆಯನ್ನು ಸ್ಟುಡಿಯೋದವರು ನೆಟ್ಟಗೆ ಮಾಡಿಕೊಟ್ಟರು. 'ಹಿಂದಿನ ಸಮುದ್ರ ಬದಲಿಸಲಾ?' ಅಂತಲೂ ಕೇಳಿದರು. ಬೇಡ ಅಂದೆ.